ಗಾಜಿನ ಮಣಿ ಮುಟ್ಟದೇ ಸೀಳುತ್ತಿದೆ: ತಂತಿ ಸುತ್ತುವುದರಲ್ಲಿ ತಪ್ಪಾ, ಮಣಿಯಲ್ಲೇ ತಪ್ಪಾ?

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಗಾಜಿನ ಮಣಿಗೆ ತಾಮ್ರದ ತಂತಿ ಸುತ್ತಿ ಓಲೆ, ಪದಕ, ಕೈಸರ ಮಾಡುತ್ತೇನೆ. ಪರಿಚಯದವರು ತಗೊಳ್ಳುತ್ತಾರೆ, ಎಳ್ಳಮಾವಾಸ್ಯೆ ಜಾತ್ರೆಯಲ್ಲೂ ಚಿಕ್ಕದಾಗಿ ಒಂದು ಮೇಜು ಹಾಕುತ್ತೇನೆ. ಮಣಿಗಳನ್ನು ಆನ್‌ಲೈನ್‌ನಲ್ಲಿ ತರಿಸುವುದು. ಲ್ಯಾಂಪ್‌ವರ್ಕ್ ಮಣಿ, ಅಂದರೆ ಉರಿಯ ಮುಂದೆ ಗಾಜಿನ ಕಡ್ಡಿ ಕರಗಿಸಿ ಒಂದೊಂದಾಗಿ ಕೈಯಲ್ಲೇ ಸುತ್ತಿದ್ದು ಅಂತ ಹೇಳಿ ಕಳಿಸುತ್ತಾರೆ. ನೋಡಲು ಬಹಳ ಚೆಂದ, ಒಳಗೆ ಹೂವು, ಚುಕ್ಕಿ, ಸುರುಳಿ ಎಲ್ಲಾ ಇರುತ್ತದೆ.

ಸಮಸ್ಯೆ ಏನೆಂದರೆ ಈ ಸಲ ತರಿಸಿದ ಮಣಿಗಳು ಬಿರುಕು ಬಿಡುತ್ತಿವೆ. ಕೆಲವಕ್ಕೆ ತೂತಿನ ಬಾಯಿ ಹತ್ತಿರ ಚಕ್ಕೆ ಎದ್ದಿದೆ. ಕೆಲವು ತೂತಿನಿಂದ ಹೊರಗಿನವರೆಗೆ ನೇರ ಸೀಳಿವೆ. ಒಂದು ದೊಡ್ಡ ನೀಲಿ ಮಣಿಯಂತೂ ಡಬ್ಬಿಯಲ್ಲಿ ಇಟ್ಟಿದ್ದು ಇಟ್ಟ ಹಾಗೇ ಎರಡು ಹೋಳಾಗಿತ್ತು, ಯಾರೂ ಮುಟ್ಟಿರಲಿಲ್ಲ. ಮಾರಿದವರನ್ನು ಕೇಳಿದರೆ "ನೀವು ತಂತಿ ಬಿಗಿ ಮಾಡಿದ್ದೀರಿ" ಅನ್ನುತ್ತಾರೆ. ಡಬ್ಬಿಯಲ್ಲಿದ್ದ ಮಣಿಗೆ ನಾನು ತಂತಿಯೇ ಹಾಕಿರಲಿಲ್ಲವಲ್ಲ! ಕೊಂಡವರು ಓಲೆ ವಾಪಸ್ ತಂದುಕೊಟ್ಟಾಗ ಅವರ ಮುಖ ನೋಡಲು ಕಷ್ಟವಾಗುತ್ತದೆ.

ಇದರ ಜೊತೆ ಇನ್ನೂ ಕೆಲವು ಕೇಳುವುದಿದೆ. ತಂತಿ ನಾನು ಮೋಟಾರ್ ವೈಂಡಿಂಗ್ ಅಂಗಡಿಯಿಂದ ತರುತ್ತೇನೆ. ವಿಡಿಯೋದಲ್ಲಿ 20 ಗೇಜ್ (ತಂತಿಯ ದಪ್ಪ ಹೇಳುವ ನಂಬರ್) ಅಂತಾರೆ, ನಾನೂ 20 ಅಂತ ಕೇಳಿ ತಂದರೆ ಅದು ದಪ್ಪ ಇರುತ್ತದೆ, ಬಗ್ಗುವುದೇ ಇಲ್ಲ. ಮಳೆಗಾಲದಲ್ಲಿ ಬೆಳ್ಳಿ ತಂತಿ ಕಪ್ಪಾಗುತ್ತದೆ, ತಾಮ್ರ ಕಿಲುಬು ಹಿಡಿಯುತ್ತದೆ. ಜರ್ಮನ್ ಸಿಲ್ವರ್ ಕೊಕ್ಕೆ ಹಾಕಿದ ಓಲೆಯಿಂದ ಇಬ್ಬರಿಗೆ ಕಿವಿ ತುರಿಕೆ ಬಂತು.

ಕೊನೆಯದು. ಮಣಿಯನ್ನೂ ನಾನೇ ಮಾಡಿಕೊಂಡರೆ ಹೇಗೆ ಅಂತ ಆಸೆ ಇದೆ. ಕೊಟ್ಟಿಗೆ ಪಕ್ಕದಲ್ಲಿ ಸೌದೆ ಇಡುವ ಕೋಣೆ ಇದೆ, ಅಲ್ಲಿ ಕೂರಬಹುದು. ಆದರೆ ಅತ್ತೆಗೆ ಗ್ಯಾಸು ಅಂದರೆ ಭಯ. ನಮ್ಮಲ್ಲಿ ಜೋರು ಮಳೆ ಬಂದರೆ ಕರೆಂಟಂತೂ ಇರುವುದೇ ಇಲ್ಲ. ಒಡೆದ ಬಳೆ ಚೂರುಗಳು ಮನೆಯಲ್ಲಿ ರಾಶಿ ಇವೆ, ಅವನ್ನೇ ಕರಗಿಸಿ ಕಲಿಯಬಹುದಾ? ಗೊತ್ತಿದ್ದವರು ಬಿಡಿಸಿ ಹೇಳಿ, ದಯವಿಟ್ಟು.

ನೀಲಿ ಜ್ವಾಲೆ (ಶಿವಮೊಗ್ಗ)

ಡಬ್ಬಿಯಲ್ಲಿ ತಾನಾಗೇ ಒಡೆದ ಮಣಿ ಇದೆಯಲ್ಲ, ಅದೊಂದೇ ಸಾಕು ಉತ್ತರಕ್ಕೆ. ಅದು ಮಾಡುವಾಗ ನಿಧಾನಕ್ಕೆ, ಸರಿಯಾಗಿ ತಣಿಸದ ಮಣಿ. ನಿಮ್ಮ ತಂತಿಗೂ ಅದಕ್ಕೂ ಸಂಬಂಧ ಇಲ್ಲ.

ಯಾಕೆ ಅಂತ ಹೇಳುತ್ತೇನೆ. ಮಣಿ ಮಾಡುವಾಗ ಸ್ಟೀಲ್ ಕಡ್ಡಿಗೆ ಮಣ್ಣಿನಂಥ ಒಂದು ಲೇಪ ಹಚ್ಚಿ ಒಣಗಿಸುತ್ತಾರೆ, ಬೀಡ್ ರಿಲೀಸ್ ಅಂತ ಅದಕ್ಕೆ. ಉರಿಯಲ್ಲಿ ಗಾಜಿನ ಕಡ್ಡಿಯ ತುದಿ ಜೇನಿನ ಹಾಗೆ ಇಳಿಯುವಾಗ ಅದನ್ನು ಈ ಸ್ಟೀಲ್ ಕಡ್ಡಿಯ ಮೇಲೆ ತಿರುಗಿಸುತ್ತಾ ಸುತ್ತುತ್ತಾರೆ. ಹಿಂದೆ ಎಣ್ಣೆ ದೀಪದ ಉರಿಗೆ ಗಾಳಿ ಊದಿ ಇದನ್ನು ಮಾಡುತ್ತಿದ್ದರು, ಅದಕ್ಕೇ ಲ್ಯಾಂಪ್‌ವರ್ಕ್ ಅನ್ನುವ ಹೆಸರು. ಉರಿಯಿಂದ ಹೊರಗೆ ತೆಗೆದ ಕೂಡಲೇ ಮಣಿಯ ಹೊರಮೈ ಮೊದಲು ತಣ್ಣಗಾಗಿ ಗಟ್ಟಿಯಾಗುತ್ತದೆ. ಒಳಗೆ ಇನ್ನೂ ಬಿಸಿ. ಆಮೇಲೆ ಒಳಗಿನದು ತಣ್ಣಗಾಗುತ್ತಾ ಕುಗ್ಗಲು ನೋಡುತ್ತದೆ, ಹೊರಗಿನ ಗಟ್ಟಿ ಪದರ ಬಿಡುವುದಿಲ್ಲ. ಆ ಎಳೆದಾಟ ಗಾಜಿನೊಳಗೆ ಹಾಗೇ ಉಳಿದುಬಿಡುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಒಂದು ದಿನ ಸಣ್ಣ ಗೀರು ಬಿದ್ದಾಗ, ಬಿಸಿನೀರಲ್ಲಿ ತೊಳೆದಾಗ, ಅಥವಾ ಯಾವ ಕಾರಣವೂ ಕಾಣದೆಯೂ ಸೀಳುತ್ತದೆ. ಮಣಿ ದೊಡ್ಡದಿದ್ದಷ್ಟೂ ಅಪಾಯ ಜಾಸ್ತಿ.

ಇದನ್ನು ತಪ್ಪಿಸಲು ಮಣಿಯನ್ನು ಕರೆಂಟಿನ ಕುಲುಮೆಯಲ್ಲಿ, ಅಂದರೆ ಕಿಲ್ನ್‌ನಲ್ಲಿಟ್ಟು ಹದವಾಗಿ ತಣಿಸಬೇಕು, ಆನೀಲ್ ಮಾಡುವುದು ಅಂದರೆ ಇದೇ. ಮಣಿಗೆ ಹೆಚ್ಚಾಗಿ ಬಳಸುವ ಮೆದು ಗಾಜಿಗೆ ಸುಮಾರು 510-520 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಇಟ್ಟು, ಆಮೇಲೆ ಗಂಟೆಗೆ 50-60 ಡಿಗ್ರಿಯಂತೆ 400ರ ಕೆಳಗೆ ಬರುವವರೆಗೆ ನಿಧಾನಕ್ಕೆ ಇಳಿಸಿ, ನಂತರ ಕಿಲ್ನ್ ಆರಿಸಿ ಬಾಗಿಲು ತೆಗೆಯದೇ ತಾನಾಗಿ ತಣ್ಣಗಾಗಲು ಬಿಡಬೇಕು. ಇದಕ್ಕೆ ಕಿಲ್ನ್ ಬೇಕು, ಕರೆಂಟು ಬೇಕು, ಸಮಯ ಬೇಕು. ಕಡಿಮೆ ಬೆಲೆಗೆ ಮಾರುವವರು ಇದನ್ನೇ ಬಿಡುವುದು.

ಇನ್ನೊಂದು ಕಾರಣವೂ ಇರಬಹುದು. ಬೇರೆ ಬೇರೆ ಜಾತಿಯ ಗಾಜು ಒಂದೇ ಮಣಿಯಲ್ಲಿ ಸೇರಿದರೆ ಎಷ್ಟು ಹದವಾಗಿ ತಣಿಸಿದರೂ ಒಡೆಯುತ್ತದೆ. ಬಿಸಿಗೆ ಹಿಗ್ಗುವ ಅಳತೆ ಒಂದೊಂದು ಗಾಜಿಗೆ ಒಂದೊಂದು. ಅದನ್ನು ಸಿಓಇ ಅನ್ನುತ್ತಾರೆ, ಗಾಜಿನ ಕಡ್ಡಿಯ ಪೊಟ್ಟಣದ ಮೇಲೇ ಬರೆದಿರುತ್ತದೆ. ಇಟಲಿಯ ಮುರಾನೊ ಕಡೆಯ ಎಫೆಟ್ರೆ ಗಾಜಿಗೆ 104. ಅಮೆರಿಕದ ಬುಲ್ಸ್‌ಐಗೆ 90. ಲ್ಯಾಬ್‌ನಲ್ಲಿ ಬಳಸುವ ಬೋರೋಸಿಲಿಕೇಟ್‌ಗೆ ಬರೀ 33. 104ಕ್ಕೆ 104 ಮಾತ್ರ ಸೇರಿಸಬೇಕು, ಇದರಲ್ಲಿ ರಾಜಿಯೇ ಇಲ್ಲ. ಬಿರುಕು ಮಣಿಯ ಉದ್ದಕ್ಕೂ ನೇರ ಹೋಗದೇ ಒಳಗಿನ ಹೂವಿನ ಅಥವಾ ಚುಕ್ಕಿಯ ಅಂಚನ್ನೇ ಹಿಡಿದು ಹೋಗಿದ್ದರೆ ಅಲ್ಲಿ ಗಾಜು ಹೊಂದಿಲ್ಲ ಅನ್ನುವ ಅನುಮಾನ ಪಡಬಹುದು.

ಉಳಿದ ಮಣಿಗಳನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಪೋಲರೈಸ್ಡ್ ಅಂತ ಬರೆದ ತಂಪು ಕನ್ನಡಕ ಇದ್ದರೆ ಸಾಕು. ಲ್ಯಾಪ್‌ಟಾಪ್ ಎಲ್‌ಸಿಡಿ ಪರದೆಯಲ್ಲಿ ಪೂರ್ತಿ ಬಿಳಿ ಪುಟ ತೆರೆದಿಡಿ. ಕನ್ನಡಕವನ್ನು ಕಣ್ಣಮುಂದೆ ಹಿಡಿದು ಪರದೆ ಕಪ್ಪಾಗಿ ಕಾಣುವವರೆಗೆ ತಿರುಗಿಸಿ. ಈಗ ಮಣಿಯನ್ನು ಪರದೆಗೂ ಕನ್ನಡಕಕ್ಕೂ ನಡುವೆ ಹಿಡಿಯಿರಿ. ಒಳಗೆ ಎಳೆತ ಇರುವ ಜಾಗ ಬೆಳ್ಳಗೆ ಹೊಳೆಯುತ್ತದೆ, ತೂತಿನ ಸುತ್ತ ಶಿಲುಬೆ ಆಕಾರದ ನೆರಳು ಕೂಡ ಕಾಣಬಹುದು. ಚೆನ್ನಾಗಿ ತಣಿಸಿದ ಮಣಿ ಹೆಚ್ಚುಕಡಿಮೆ ಕತ್ತಲಾಗೇ ಇರುತ್ತದೆ. ಮಣಿ ದುಂಡಗಿರುವುದರಿಂದ ಬೆಳಕು ಆಚೀಚೆ ಬಗ್ಗಿ ಗೊಂದಲ ಆಗುತ್ತದೆ. ಅದಕ್ಕೆ ಗಾಜಿನ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಹಾಕಿ ಅದರಲ್ಲಿ ಮುಳುಗಿಸಿ ನೋಡಿದರೆ ಇನ್ನೂ ಸ್ಪಷ್ಟ. ಮೊದಲು ಖಾಲಿ ಬಟ್ಟಲನ್ನೇ ಒಮ್ಮೆ ನೋಡಿಕೊಳ್ಳಿ, ಕೆಲವು ಬಟ್ಟಲಲ್ಲೇ ಎಳೆತ ಇರುತ್ತದೆ. ಬೆಳಕು ದಾಟದ ಗಟ್ಟಿ ಬಣ್ಣದ ಮಣಿಗೆ ಈ ಪರೀಕ್ಷೆ ನಡೆಯುವುದಿಲ್ಲ.

ತೂತಿನ ಬಾಯಲ್ಲಿ ಚಕ್ಕೆ ಎದ್ದ ಮಣಿಗಳ ವಿಷಯ ಮಾತ್ರ ಬೇರೆ. ಅದಕ್ಕೆ ತಂತಿ ಕಾರಣ ಇರಬಹುದು. ತಂತಿ ಗೊತ್ತಿದ್ದವರು ಹೇಳಲಿ.

ಬೆಸುಗೆ (ಸಾಗರ)

ತಂಗಿ, ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಚಿನ್ನ ಬೆಳ್ಳಿ ಕೆಲಸ. ಗಾಜು ನನಗೆ ಅಷ್ಟಾಗಿ ಬಾರದು. ತಂತಿ ಬಗ್ಗೆ ಹೇಳುತ್ತೇನೆ.

ಮೊದಲು ಗೇಜ್ ಗೊಂದಲ. ವಿಡಿಯೋ ಮಾಡುವವರು ಹೆಚ್ಚಿನವರು ಅಮೆರಿಕದವರು, ಅವರದು ಎಡಬ್ಲ್ಯೂಜಿ ಲೆಕ್ಕ. ನಮ್ಮ ವೈಂಡಿಂಗ್ ಅಂಗಡಿಯಲ್ಲಿ ಎಸ್‌ಡಬ್ಲ್ಯೂಜಿ ಲೆಕ್ಕ, ಅದು ಬ್ರಿಟಿಷರ ಕಾಲದ್ದು. ಅವರ 20 ಅಂದರೆ 0.81 ಮಿಲಿಮೀಟರ್, ನಮ್ಮ 20 ಅಂದರೆ 0.91. ನೋಡಲು ಕೂದಲೆಳೆ ವ್ಯತ್ಯಾಸ, ಆದರೆ ಬಗ್ಗಿಸುವಾಗ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. 18ರಲ್ಲಿ ಇನ್ನೂ ಜಾಸ್ತಿ, 1.02 ಮತ್ತು 1.22. ಅದಕ್ಕೆ ಅಂಗಡಿಯಲ್ಲಿ ನಂಬರ್ ಹೇಳಬೇಡಿ, ಮಿಲಿಮೀಟರ್‌ನಲ್ಲಿ ಕೇಳಿ. ಮಣಿಯೊಳಗೆ ಹೋಗುವ ತಂತಿಗೆ ಮತ್ತು ಕಿವಿ ಕೊಕ್ಕೆಗೆ 0.8, ಮೇಲೆ ಅಲಂಕಾರಕ್ಕೆ ಸುತ್ತಲು 0.4 ಅಥವಾ 0.5, ಪದಕದ ಚೌಕಟ್ಟಿಗೆ 1 ಮಿಲಿಮೀಟರ್. ಇಷ್ಟಿದ್ದರೆ ಬಹುಪಾಲು ಕೆಲಸ ಆಗುತ್ತದೆ.

ಇನ್ನೊಂದು ಮಾತು, ಮೋಟಾರಿನ ತಂತಿಯ ಮೇಲೆ ಅರಗಿನ ಹಾಗೆ ಇನ್ಸುಲೇಶನ್ ಲೇಪ ಇರುತ್ತದೆ. ಮೈಮೇಲೆ ಹಾಕಿಕೊಳ್ಳಲಿ ಅಂತ ಮಾಡಿದ್ದಲ್ಲ ಅದು. ಸುಟ್ಟು ತೆಗೆಯಲು ಹೋದರೆ ಕೆಟ್ಟ ಹೊಗೆ ಬರುತ್ತದೆ, ಅಡುಗೆ ಒಲೆಯ ಮೇಲಂತೂ ಮಾಡಲೇಬೇಡಿ. ಲೇಪ ಇಲ್ಲದ ಬರೀ ತಾಮ್ರದ ತಂತಿ ಸಿಗುತ್ತದೆ, ಅದನ್ನೇ ಕೇಳಿ ತನ್ನಿ.

ಈಗ ಚಕ್ಕೆ ಏಳುವ ವಿಷಯ. ಮಣಿಯ ತೂತು ಸುತ್ತಿದ ಕಡ್ಡಿಯ ದಪ್ಪದ್ದೇ ಇರುತ್ತದೆ ಅಂತ ನೀಲಿ ಜ್ವಾಲೆಯವರ ಮಾತಿನಿಂದ ತಿಳಿಯಿತು. ಹಾಗಾದರೆ 2.4 ಮಿಲಿಮೀಟರ್ ತೂತಿಗೆ 0.8ರ ತಂತಿ ಹಾಕಿದರೆ ಒಳಗೆ ಲಡಲಡ ಅಲ್ಲಾಡುತ್ತದೆ. ಅಲ್ಲಾಡಬಾರದು ಅಂತ ನೀವು ಕುಣಿಕೆಯನ್ನು ಮಣಿಯ ಬಾಯಿಗೇ ಒತ್ತಿ ಬಿಗಿ ಮಾಡುತ್ತೀರಿ. ಒಂದೇ ಜಾಗಕ್ಕೆ ಭಾರ ಬೀಳುತ್ತದೆ, ಚಕ್ಕೆ ಏಳುತ್ತದೆ. ಇದಕ್ಕೆ ಪರಿಹಾರ ಬಿಗಿ ಮಾಡುವುದಲ್ಲ, ತೂತು ತುಂಬುವುದು. 0.4ರ ತಂತಿಯನ್ನು ನಡುವಿನ ತಂತಿಯ ಮೇಲೇ ಸ್ಪ್ರಿಂಗ್ ಹಾಗೆ ಸುತ್ತಿ, ಆ ಸುರುಳಿಯನ್ನು ಮಣಿಯೊಳಗೆ ತಳ್ಳಿ. 0.8ರ ಎರಡು ಬದಿಗೂ 0.4 ಸೇರಿದರೆ 1.6 ಆಯಿತು, ಅಲ್ಲಾಟ ಬಹಳ ಕಡಿಮೆಯಾಗುತ್ತದೆ. ಎರಡೂ ತುದಿಗೆ ಸಣ್ಣ ಲೋಹದ ಟೋಪಿ ಅಥವಾ ಚಿಕ್ಕ ಮಣಿ ಇಟ್ಟರೆ ಕುಣಿಕೆ ಗಾಜಿಗೆ ತಾಗುವುದೇ ಇಲ್ಲ.

ಕುಣಿಕೆ ಮಾಡುವಾಗ ಮಣಿಯಿಂದ ಸ್ವಲ್ಪ ದೂರದಲ್ಲಿ, ಎರಡು ಮೂರು ಸುತ್ತು ಬರುವಷ್ಟು ಜಾಗ ಬಿಟ್ಟು ತಂತಿಯನ್ನು ಚಪ್ಪಟೆ ಮೂತಿಯ ಇಕ್ಕಳದಲ್ಲಿ ಹಿಡಿದು ಬಗ್ಗಿಸಿ. ಆಮೇಲೆ ದುಂಡು ಮೂತಿಯದರಲ್ಲಿ ಕುಣಿಕೆ ತಿರುಗಿಸಿ. ಬಗ್ಗಿಸುವ ಒತ್ತಡ ಇಕ್ಕಳದ ಮೇಲೆ ಬೀಳಬೇಕು, ಗಾಜಿನ ಮೇಲಲ್ಲ. ಕೆಳಮುಖ ಸುತ್ತುತ್ತಾ ಬಂದು ಕೊನೆಯ ಸುತ್ತು ಮಣಿಗೆ ಸುಮ್ನೆ ತಾಕುವಷ್ಟರಲ್ಲಿ ನಿಲ್ಲಿಸಿ. ತುದಿಯನ್ನು ಒಳಕ್ಕೆ ಒತ್ತಿ, ಇಲ್ಲದಿದ್ದರೆ ಸೀರೆಯ ದಾರ ಹಿಡಿದು ಎಳೆಯುತ್ತದೆ. ತಂತಿಯನ್ನು ಬಡಿದು ಚಪ್ಪಟೆ ಮಾಡುವುದಿದ್ದರೆ ಮಣಿ ಪೋಣಿಸುವ ಮೊದಲೇ ಬಡಿಯಬೇಕು.

ಬಗ್ಗಿಸಿ ಬಗ್ಗಿಸಿ ತಾಮ್ರ ಗಟ್ಟಿಯಾದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮೆತ್ತಗಾಗುತ್ತದೆ. ಮಣಿ ಇರುವಾಗ ಇದನ್ನು ಮಾಡಲು ಹೋಗಬೇಡಿ. ತಾಮ್ರಕ್ಕೆ ನೀರು ಒಗ್ಗುತ್ತದೆ, ಕಾದ ಗಾಜಿಗೆ ಒಗ್ಗುವುದಿಲ್ಲ.

ಕಿವಿ ತುರಿಕೆಗೆ ಕಾರಣ ಜರ್ಮನ್ ಸಿಲ್ವರ್. ಅದರಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ತಾಮ್ರ, ನಿಕ್ಕಲ್, ಸತು ಸೇರಿದ ಲೋಹ ಅದು, ನಿಕ್ಕಲ್ ಎಷ್ಟೋ ಜನಕ್ಕೆ ಆಗುವುದಿಲ್ಲ. ಓಲೆಯ ಉಳಿದ ಭಾಗ ತಾಮ್ರದ್ದಿರಲಿ, ಕಿವಿಯೊಳಗೆ ಹೋಗುವ ಕೊಕ್ಕೆ ಮಾತ್ರ ಬೆಳ್ಳಿಯದೇ ಮಾಡಿ. 925 ಬೆಳ್ಳಿ ಅಂದರೆ ನೂರಕ್ಕೆ ತೊಂಬತ್ತೆರಡೂವರೆ ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಬೆಲೆ ಏರುತ್ತದೆ ನಿಜ, ಆದರೆ ಒಂದು ಜೊತೆ ಕೊಕ್ಕೆಗೆ ಎಷ್ಟು ಮಹಾ ತಂತಿ ಬೇಕು? ಕೊಳ್ಳುವವರಿಗೆ ಹೇಳಿ ತಗೊಳ್ಳಿ, ಕೊಡುತ್ತಾರೆ.

ಮಳೆಗಾಲದ ಕಪ್ಪಿಗೆ ನಮ್ಮ ಮನೆಯಲ್ಲಿ ಮಾಡುವುದು ಇಷ್ಟೇ. ಅಂಟುವಾಳದ ನೀರಲ್ಲಿ ಮೆತ್ತಗಿನ ಬ್ರಶ್ಶಿನಿಂದ ತೊಳೆದು, ಪೂರ್ತಿ ಒಣಗಿಸಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಇಡುವುದು. ಡಬ್ಬಿಯಲ್ಲಿ ಸೀಮೆಸುಣ್ಣದ ತುಂಡು ಹಾಕಿದರೆ ತೇವ ಎಳೆದುಕೊಳ್ಳುತ್ತದೆ. ಇಲ್ಲವೇ ಬೇಕೆಂದೇ ಕಪ್ಪು ಮಾಡಿಬಿಡಿ, ಅದೂ ಚೆಂದ. ಬೇಯಿಸಿದ ಬಿಸಿ ಮೊಟ್ಟೆ ಒಡೆದು ಬೆಳ್ಳಿಯ ಜೊತೆ ಮುಚ್ಚಿದ ಡಬ್ಬಿಯಲ್ಲಿಟ್ಟರೆ ಅದರಿಂದ ಬರುವ ಗಂಧಕದ ಗಾಳಿಗೆ ಕಪ್ಪಾಗುತ್ತದೆ. ಉಬ್ಬಿದ ಕಡೆ ಉಜ್ಜಿ ಹೊಳಪು ತೆಗೆದರೆ ಸುತ್ತಿದ ತಂತಿಯ ಎಳೆ ಎಳೆಯೂ ಎದ್ದು ಕಾಣುತ್ತದೆ.

ತುಂಗಾತೀರ (ತೀರ್ಥಹಳ್ಳಿ)

ಅಕ್ಕ, ಅಣ್ಣ, ಇಬ್ಬರಿಗೂ ತುಂಬಾ ಧನ್ಯವಾದ. ಲ್ಯಾಪ್‌ಟಾಪ್ ಮುಂದೆ ಹಿಡಿದು ನೋಡಿದೆ. ಒಡೆದ ಮಣಿಯ ಜೊತೆಯವು ಬಹುಪಾಲು ತೂತಿನ ಸುತ್ತ ಬೆಳ್ಳಗೆ ಹೊಳೆಯುತ್ತವೆ! ಹಳೇ ಮಣಿಗಳನ್ನೂ ಹಿಡಿದೆ, ಅವು ಕತ್ತಲಾಗೇ ಇವೆ. ಅವು ಯಾವತ್ತೂ ತೊಂದರೆ ಕೊಟ್ಟಿರಲಿಲ್ಲ, ಈಗ ಯಾಕೆ ಅಂತ ಗೊತ್ತಾಯಿತು. ಚಕ್ಕೆ ಎದ್ದವು ಎಲ್ಲಾ ದೊಡ್ಡ ತೂತಿನವು, ಅಣ್ಣ ಹೇಳಿದ್ದು ಸರಿ.

ಹಾಗಾದರೆ ಈ ಮಣಿಗಳನ್ನು ಎಸೆಯಬೇಕಾ? ಮತ್ತೆ ಟಾರ್ಚಿನ, ಅಂದರೆ ಗಾಜು ಕರಗಿಸುವ ಗ್ಯಾಸ್ ಬರ್ನರಿನ ವಿಷಯ ಯಾರೂ ಹೇಳಲಿಲ್ಲ. ನನಗೆ ನಿಜವಾಗಿಯೂ ಕಲಿಯಬೇಕು ಅಂತ ಇದೆ, ಸುಮ್ನೆ ಕೇಳಿದ್ದಲ್ಲ.

ಕಬ್ಬಿಣದವ (ಭದ್ರಾವತಿ)

ನಾನು ವೆಲ್ಡಿಂಗ್ ಕೆಲಸದವನು. ಗಾಜು ಮಾಡಿದವನಲ್ಲ, ಗ್ಯಾಸಿನ ಜೊತೆ ದಿನಾ ಇರುವವನು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅತ್ತೆಯ ಭಯ ನ್ಯಾಯವಾದದ್ದು, ಅದನ್ನು ತಳ್ಳಿಹಾಕಬೇಡಿ. ಸೌದೆ ಕೋಣೆಯಲ್ಲಿ ಟಾರ್ಚ್ ಹಚ್ಚುವುದು ಬೇಡವೇ ಬೇಡ. ಸೌದೆ, ದರಗು, ಅಡಿಕೆ ಹಾಳೆ, ಸೋಗೆ ಇರುವ ಕಡೆ ಒಂದು ಕಿಡಿ ಸಾಕು, ಕೆಂಪಗಿನ ಗಾಜಿನ ತುಂಡು ಸಿಡಿದರೂ ಸಾಕು. ಪಕ್ಕದಲ್ಲಿ ದನ ಬೇರೆ ಇವೆ. ಆ ಕೋಣೆಯನ್ನು ಪೂರ್ತಿ ಖಾಲಿ ಮಾಡಿ, ಮೇಲೆ ಹಂಚು ಅಥವಾ ತಗಡು, ಕೆಳಗೆ ಸಿಮೆಂಟ್ ನೆಲ ಇದ್ದರೆ ಮಾತ್ರ ಯೋಚಿಸಿ. ಮೇಜಿನ ಮೇಲೆ ತಗಡು ಅಥವಾ ಕಡಪ ಕಲ್ಲು ಹಾಸಿ.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಮೇಲೆ ಕಿಟಕಿ ತೆರೆದಿದ್ದರೆ ಸಾಲದು, ನೆಲಮಟ್ಟದಲ್ಲೂ ಗಾಳಿ ಹೊರಹೋಗಲು ದಾರಿ ಬೇಕು. ನಮ್ಮ ಕಡೆ ಜಡಿಮಳೆಯಲ್ಲಿ ಎಲ್ಲರೂ ಬಾಗಿಲು ಕಿಟಕಿ ಮುಚ್ಚಿ ಕೂರುತ್ತಾರೆ, ಆಗಲೇ ಅಪಾಯ. ಮುಚ್ಚಿದ ಕೋಣೆಯಲ್ಲಿ ಉರಿಯಿಂದ ಕಾರ್ಬನ್ ಮಾನಾಕ್ಸೈಡ್ ಸೇರಿಕೊಳ್ಳುತ್ತದೆ, ಅದಕ್ಕೆ ವಾಸನೆ ಇಲ್ಲ. ಟಾರ್ಚಿನ ಹಿಂದೆ ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿ, ನಿಮ್ಮ ಬೆನ್ನ ಹಿಂದಿನಿಂದ ಹೊಸ ಗಾಳಿ ಬರಲಿ. ಕರೆಂಟು ಹೋಗಿ ಫ್ಯಾನ್ ನಿಂತರೆ ಟಾರ್ಚ್ ಕೂಡ ಆರಿಸಬೇಕು.

ಅಡುಗೆಮನೆಯ 14.2 ಕೆಜಿ ಸಿಲಿಂಡರ್ ಅಡುಗೆಗೆ ಮಾತ್ರ ಕೊಡುವುದು, ಮಾರುವ ಕೆಲಸಕ್ಕೆ ಬಳಸುವಂತಿಲ್ಲ. 5 ಕೆಜಿಯ ಚಿಕ್ಕ ಸಿಲಿಂಡರ್ ಅಥವಾ 19 ಕೆಜಿಯ ಕಮರ್ಷಿಯಲ್ ತಗೊಳ್ಳಿ. ರೆಗ್ಯುಲೇಟರ್ ಟಾರ್ಚಿಗೆ ಹೊಂದುವಂಥದ್ದೇ ಇರಬೇಕು, ಒಲೆಯದ್ದು ನಡೆಯುವುದಿಲ್ಲ. ಪ್ರತಿ ಸಲ ಹಚ್ಚುವ ಮೊದಲು ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ನೋಡಿ. ಮುಂದೆ ಆಕ್ಸಿಜನ್ ಬಳಸುವ ಟಾರ್ಚ್ ತಗೊಂಡರೆ ಅದರ ರೆಗ್ಯುಲೇಟರಿಗೆ ಎಣ್ಣೆ, ಗ್ರೀಸ್ ಕೈ ತಾಕಿಸಲೇಬಾರದು. ಕೊಬ್ಬರಿ ಎಣ್ಣೆ ಹಚ್ಚಿದ ಕೈಯೂ ಬೇಡ. ಎಣ್ಣೆಗೆ ಒತ್ತಡದ ಆಕ್ಸಿಜನ್ ತಾಕಿದರೆ ತಾನಾಗೇ ಹೊತ್ತಿಕೊಳ್ಳುತ್ತದೆ.

ಒಂದು ಸಹಾಯದ ಮಾತೂ ಇದೆ. ಮಣಿ ಸುತ್ತಲು ಸ್ಟೀಲ್ ಕಡ್ಡಿ ಅಂದರಲ್ಲ, ಟಿಗ್ ವೆಲ್ಡಿಂಗಿನ ಸ್ಟೇನ್‌ಲೆಸ್ ಫಿಲ್ಲರ್ ಕಡ್ಡಿ ಅದಕ್ಕೆ ಸರಿಯಾಗುತ್ತದೆ. 1.6, 2.4 ಮಿಲಿಮೀಟರ್ ಅಳತೆಯಲ್ಲಿ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಉದ್ದದ ಕಡ್ಡಿಯನ್ನು ನಾಲ್ಕಾಗಿ ಕತ್ತರಿಸಿ ತುದಿ ಉಜ್ಜಿಕೊಂಡರೆ ಆಯಿತು. 1.6ರದ್ದೇ ತಗೊಂಡರೆ ತೂತು ಚಿಕ್ಕದಾಗಿ ಸಾಗರದ ಅಣ್ಣ ಹೇಳಿದ ಅಲ್ಲಾಟವೂ ಕಡಿಮೆ.

ಹೊಸನಗರದ ಹುಡುಗ

ಇಷ್ಟೊಂದು ಹೆದರಿಸಿದರೆ ಯಾರೂ ಕಲಿಯುವುದಿಲ್ಲ, ಅಲ್ವಾ? ನಾನು ಫ್ರಿಜ್, ಏಸಿ ರಿಪೇರಿಯವರು ಬಳಸುವ ಕೈಟಾರ್ಚನ್ನು ಮೇಜಿಗೆ ಬಿಗಿದು ಕಲಿತವನು. ಕಿಲ್ನ್ ಇಲ್ಲ. ಮಣಿ ಆದ ತಕ್ಷಣ ಸೆರಾಮಿಕ್ ಫೈಬರ್ ಹೊದಿಕೆಯ ಮಡಿಕೆಯೊಳಗೆ ತೂರಿಸಿ ಬಿಡುತ್ತೇನೆ, ನಿಧಾನಕ್ಕೆ ತಣ್ಣಗಾಗುತ್ತದೆ. ಚಿಕ್ಕ ಮಣಿಗಳು ಒಂದೂ ಒಡೆದಿಲ್ಲ. ಉತ್ತರ ಪ್ರದೇಶದ ಪುರ್ದಿಲ್‌ನಗರದಲ್ಲಿ ಮನೆಮನೆಯಲ್ಲೂ ಮಣಿ ಮಾಡುತ್ತಾರೆ, ಅವರೆಲ್ಲಾ ದೊಡ್ಡ ದೊಡ್ಡ ಯಂತ್ರ ಇಟ್ಟುಕೊಂಡು ಶುರು ಮಾಡಿದವರಾ? ಅಕ್ಕ, ನೀವು ಶುರು ಮಾಡಿ. ಕಿಲ್ನ್ ಆಮೇಲೆ ನೋಡಿಕೊಳ್ಳಬಹುದು.

ಬಳೆ ಚೂರಿನಲ್ಲೂ ನಾನು ಮಾಡಿದ್ದೇನೆ, ಆಗುತ್ತದೆ.

ನೀಲಿ ಜ್ವಾಲೆ (ಶಿವಮೊಗ್ಗ)

ಹೊಸನಗರದವರು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಕಲಿಯಲು ಕಿಲ್ನ್ ಬೇಡ, ಹೊದಿಕೆ ಸಾಕು. ಕಡಲೆಕಾಳು ಗಾತ್ರದ ಮಣಿಗಳು ಹೊದಿಕೆಯಲ್ಲಿ ಉಳಿಯುವುದು ನಿಜ. ಗಾಜು ತೆಳ್ಳಗಿದ್ದರೆ ಒಳಗೂ ಹೊರಗೂ ಹೆಚ್ಚುಕಡಿಮೆ ಒಟ್ಟಿಗೇ ತಣ್ಣಗಾಗುತ್ತದೆ, ಎಳೆದಾಟ ಕಡಿಮೆ. ನಮ್ಮ ಕರಿಮಣಿ ವರ್ಷಗಟ್ಟಲೆ ಕೊರಳಲ್ಲಿದ್ದರೂ ಹೀಗೆ ಸೀಳುವುದಿಲ್ಲ ನೋಡಿ, ಅಷ್ಟು ಚಿಕ್ಕದು ಅದು. ಅಂಥ ಪುಟ್ಟ ಮಣಿ ಮಾಡುವ ರೀತಿಯೂ ಬೇರೆ, ಕಾದ ಗಾಜನ್ನು ಉದ್ದಕ್ಕೆ ಕೊಳವೆಯಾಗಿ ಎಳೆದು ಆಮೇಲೆ ತುಂಡು ಮಾಡುತ್ತಾರೆ. ಆಂಧ್ರದ ಪಾಪನಾಯುಡುಪೇಟೆಯವರು ಈ ಎಳೆಯುವ ಕೆಲಸಕ್ಕೆ ಹೆಸರಾದವರು. ಆದರೆ ನಿಮ್ಮ ಪದಕದ ಮಣಿ ನೆಲ್ಲಿಕಾಯಿ ಗಾತ್ರದ್ದು. ಅದು ಹೊದಿಕೆಯಲ್ಲಿ ಇವತ್ತು ಉಳಿದರೂ ಒಳಗಿನ ಎಳೆತ ಹೋಗಿರುವುದಿಲ್ಲ. ದುಡ್ಡು ತಗೊಂಡು ಕೊಡುವ ಮಣಿ ಕಿಲ್ನ್ ನೋಡಿರಲೇಬೇಕು, ಈ ಮಾತಿನಲ್ಲಿ ನಾನು ಸಡಿಲ ಬಿಡುವುದಿಲ್ಲ. ನಂಬಿ ಕೊಂಡವರ ಕಿವಿಯಲ್ಲಿ, ಕೊರಳಲ್ಲಿ ಇರುವ ವಸ್ತು ಅದು. ಒಡೆದರೆ ಅಂಚು ಬ್ಲೇಡಿನಷ್ಟು ಹರಿತ.

ಒಳ್ಳೇ ಸುದ್ದಿ ಏನೆಂದರೆ ಇದನ್ನು ಆಮೇಲೂ ಮಾಡಬಹುದು. ಒಡೆಯದೇ ಉಳಿದ ಮಣಿಗಳನ್ನು ಕೂಡಿಟ್ಟು, ತಣ್ಣಗಿನ ಕಿಲ್ನ್‌ನಲ್ಲಿ ಒಟ್ಟಿಗೆ ಇಟ್ಟು, ನಿಧಾನಕ್ಕೆ ಬಿಸಿ ಏರಿಸಿ ಆನೀಲ್ ಮಾಡಿದರೆ ಎಳೆತ ಹೋಗುತ್ತದೆ. ಹಾಗಾಗಿ ನಿಮ್ಮ ಹತ್ತಿರ ಇರುವವನ್ನು ಈಗಲೇ ಎಸೆಯಬೇಡಿ, ಬಿರುಕು ಬಿಟ್ಟವನ್ನು ಮಾತ್ರ ಬೇರೆ ಮಾಡಿ. ಗಾಜಿನ ಜಾತಿ ಹೊಂದದೆ ಒಡೆದವಕ್ಕೆ ಮಾತ್ರ ಇದೂ ಉಪಯೋಗವಿಲ್ಲ. ಮಣಿಗೆ ಲೋಹದ ಟೋಪಿ, ತಂತಿ, ಅಂಟು ಏನೂ ಇರಬಾರದು. ಕರೆಂಟು ನಡುವೆ ಹೋದರೂ ಗಾಬರಿ ಬೇಡ. ಬಾಗಿಲು ತೆಗೆಯದೇ ಹಾಗೇ ಬಿಟ್ಟು, ಇನ್ನೊಂದು ದಿನ ಮೊದಲಿನಿಂದ ಪೂರ್ತಿ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮಲೆನಾಡಿನಲ್ಲಿ ಕಿಲ್ನ್ ಕೆಲಸವನ್ನು ದೀಪಾವಳಿ ಆದಮೇಲೆ ಇಟ್ಟುಕೊಂಡರೆ ನೆಮ್ಮದಿ.

ಬಳೆ ಚೂರು ಕಲಿಯಲು ಪರವಾಗಿಲ್ಲ. ಒಂದು ಬಳೆಯ ಚೂರನ್ನು ಅದರ ಜೊತೆಯದಕ್ಕೆ ಮಾತ್ರ ಸೇರಿಸಿ, ಬೇರೆ ಬಣ್ಣದ ಬಳೆಗೂ ಬೇಡ, ಕೊಂಡ ಗಾಜಿನ ಕಡ್ಡಿಗಂತೂ ಬೇಡ. ಹಿಗ್ಗುವ ಅಳತೆ ಯಾವುದಕ್ಕೆ ಎಷ್ಟು ಅಂತ ಬಳೆಯ ಮೇಲೆ ಬರೆದಿರುವುದಿಲ್ಲವಲ್ಲ. ಮೇಲಿನ ಚಿನ್ನದ ಬಣ್ಣ, ಮಿಂಚು, ಹರಳು ಇದ್ದ ಬಳೆ ಬೇಡ, ಸುಟ್ಟರೆ ಹೊಗೆ ಕೆಟ್ಟದ್ದು. ಚೂರನ್ನು ಇಕ್ಕಳದಲ್ಲಿ ಹಿಡಿದು ಉರಿಯ ಹೊರ ಅಂಚಿನಲ್ಲಿ ನಿಧಾನ ಬಿಸಿ ಮಾಡುತ್ತಾ ಒಳಗೆ ತನ್ನಿ, ಒಮ್ಮೆಲೇ ಉರಿಗೆ ಹಿಡಿದರೆ ಪಟಪಟ ಸಿಡಿಯುತ್ತದೆ.

ಕಣ್ಣಿಗೆ ಡಿಡಿಮಿಯಂ ಕನ್ನಡಕ ಬೇಕು. ಕಾದ ಗಾಜಿನಲ್ಲಿರುವ ಸೋಡಿಯಂನಿಂದ ಕಣ್ಣು ಕುಕ್ಕುವ ಹಳದಿ ಬೆಳಕು ಬರುತ್ತದೆ. ಈ ಕನ್ನಡಕ ಅದನ್ನು ತಡೆಯುತ್ತದೆ, ಆಗ ಗಾಜು ಎಲ್ಲಿ ಕರಗುತ್ತಿದೆ ಅಂತ ಸ್ಪಷ್ಟ ಕಾಣುತ್ತದೆ. ಆಕ್ಸಿಜನ್ ಇಲ್ಲದ ಟಾರ್ಚಿನಲ್ಲಿ ಬಿಳಿ, ದಂತದ ಬಣ್ಣಗಳಿಗೆ ಮಸಿ ಹಿಡಿದ ಹಾಗೆ ಆಗಬಹುದು, ಉರಿಯ ತುದಿಯ ಕಡೆ ಹಿಡಿದು ಕೆಲಸ ಮಾಡಿ. ಮಣಿಯನ್ನು ಕಡ್ಡಿಯಿಂದ ತೆಗೆಯುವಾಗ ನೀರಲ್ಲಿ ನೆನೆಸಿ ಬಿಡಿಸಿ, ತೂತಿನೊಳಗಿನ ಲೇಪವನ್ನೂ ನೀರಿನಲ್ಲೇ ಉಜ್ಜಿ ತೆಗೆಯಿರಿ. ಒಣಗಿದ್ದಾಗ ಕೆರೆದರೆ ಆ ಧೂಳು ಎದೆಗೆ ಹೋಗುತ್ತದೆ, ಒಳ್ಳೆಯದಲ್ಲ.

ಜಾತ್ರೆಗೆ ಈಗ ಮಣಿ ಬೇಕು ಅಂದರೆ ವಾರಣಾಸಿಯ ಮಣಿ ತರಿಸಿ. ವಾರಣಾಸಿ ಗಾಜಿನ ಮಣಿಗೆ ಜಿಐ ಟ್ಯಾಗ್ (ಆ ಊರಿನ ವಿಶೇಷ ವಸ್ತು ಅನ್ನುವ ಸರ್ಕಾರಿ ಗುರುತು) ಇದೆ, ತಯಾರಕರು ಬಹಳ ಇದ್ದಾರೆ. ಪುರ್ದಿಲ್‌ನಗರದವರಿಂದಲೂ ತರಿಸಬಹುದು. ಯಾರಿಂದ ತಂದರೂ ಆನೀಲ್ ಮಾಡಿದ್ದಾ ಅಂತ ಮೊದಲೇ ಕೇಳಿ, ಸ್ವಲ್ಪ ತರಿಸಿ, ಲ್ಯಾಪ್‌ಟಾಪ್ ಮುಂದೆ ಹಿಡಿದು ನೋಡಿ, ಆಮೇಲೆ ಜಾಸ್ತಿ ತಗೊಳ್ಳಿ.

ತುಂಗಾತೀರ (ತೀರ್ಥಹಳ್ಳಿ)

ಅಕ್ಕ, ಇಷ್ಟು ಬಿಡಿಸಿ ಇಲ್ಲಿವರೆಗೆ ನನಗೆ ಯಾರೂ ಹೇಳಿರಲಿಲ್ಲ. ಸೌದೆ ಕೋಣೆಯ ಯೋಚನೆ ಬಿಟ್ಟೆ. ಮನೆಯ ಹಿಂದೆ ತಗಡಿನ ಚಪ್ಪರ ಇದೆ, ಮೂರು ಕಡೆ ತೆರೆದಿದೆ, ಅಲ್ಲಿಗೆ ಅತ್ತೆಯೂ ಒಪ್ಪಬಹುದು. ಈ ಸಲದ ಜಾತ್ರೆಗೆ ಹೊಸದಾಗಿ ತರಿಸಿ ಪರೀಕ್ಷೆ ಮಾಡಿದ ಮಣಿಯಲ್ಲೇ ಮಾಡುತ್ತೇನೆ. ಬಿರುಕು ಬಿಟ್ಟ ಓಲೆ ತಂದುಕೊಟ್ಟವರಿಗೆ ದುಡ್ಡು ವಾಪಸ್ ಕೊಡುತ್ತೇನೆ, ಅದೇ ಮಣಿಯ ಓಲೆ ತಗೊಂಡ ಉಳಿದವರಿಗೂ ಫೋನ್ ಮಾಡಿ ಹೇಳುತ್ತೇನೆ.

ಬೆಸುಗೆ ಅಣ್ಣ, ಒಂದೇ ಪ್ರಶ್ನೆ. ಮಣಿಯೊಳಗೆ ಸುರುಳಿ ತಳ್ಳಿದರೆ ತಿಳಿ ಗಾಜಿನ ಮಣಿಯಲ್ಲಿ ಅದು ಹೊರಗೆ ಕಾಣುತ್ತದೆ ಅಲ್ವಾ?

ಬೆಸುಗೆ (ಸಾಗರ)

ಕಾಣುತ್ತದೆ ತಂಗಿ. ಅಂಥದಕ್ಕೆ ಸುರುಳಿಯನ್ನು ಬೆಳ್ಳಿ ತಂತಿಯಲ್ಲೇ ಮಾಡಿ, ಎಳೆಗೆ ಎಳೆ ಕೂಡಿಸಿ ಒತ್ತಾಗಿ ಸುತ್ತಿ. ಸಂದಿ ಬಿಟ್ಟರೆ ಅಸಡ್ಡಾಳಾಗಿ ಕಾಣುತ್ತದೆ. ಒತ್ತಾಗಿದ್ದರೆ ನೀಲಿ, ಹಸಿರು ತಿಳಿ ಗಾಜಿನೊಳಗೆ ಬೆಳ್ಳಿ ಹೊಳಪು ಕೊಡುತ್ತದೆ. ಹಾಕುವ ಮೊದಲು ತೂತಿನ ಒಳಗೆ ಲೇಪದ ಬೂದಿ ಉಳಿದಿಲ್ಲ ಅಂತ ನೋಡಿಕೊಳ್ಳಿ, ಒಮ್ಮೆ ಕುಣಿಕೆ ಸುತ್ತಿದ ಮೇಲೆ ಒಳಗೆ ತೊಳೆಯಲು ಆಗುವುದಿಲ್ಲ.